ಬಿದ್ದರೆ ಸಿಡಿಯಬಾರದು, ಒತ್ತಿದರೆ ಸಿಡಿಯಲೇಬೇಕು

ಪೊಲೀಸರ ಸೊಂಟದಲ್ಲಿರುವ ಪಿಸ್ತೂಲು ದಿನವಿಡೀ ಮಾಡುವ ಕೆಲಸ ಏನು? ಸುಮ್ನೆ ಇರುವುದು. ಜೀಪ್ ಹತ್ತುವಾಗ ಬಾಗಿಲಿಗೆ ತಾಗುತ್ತದೆ, ಕೂತಾಗ ಕುರ್ಚಿಯ ಕೈಗೆ ಬಡಿಯುತ್ತದೆ, ಮಳೆಯಲ್ಲಿ ನೆನೆಯುತ್ತದೆ, ಬೆವರು ಕುಡಿಯುತ್ತದೆ. ಎಷ್ಟೋ ಜನ ಅಭ್ಯಾಸದ ಮೈದಾನ ಬಿಟ್ಟರೆ ಬೇರೆಲ್ಲೂ ಒಂದು ಗುಂಡೂ ಹಾರಿಸದೆ ನಿವೃತ್ತರಾಗುತ್ತಾರೆ. ಆದರೆ ಹಾರಿಸಲೇಬೇಕಾದ ಗಳಿಗೆ ಬಂದುಬಿಟ್ಟರೆ ಅದು ಕೈಕೊಡುವಂತಿಲ್ಲ.

ಹಾಗಾಗಿ ಈ ಯಂತ್ರದ ಮುಂದೆ ಎರಡು ಬೇಡಿಕೆಗಳಿವೆ. ಬೇಡದಾಗ ಏನೇ ಆದರೂ ಸಿಡಿಯಬಾರದು. ಬೇಕಾದಾಗ ತಡ ಮಾಡದೆ ಸಿಡಿಯಬೇಕು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ. ಬೀಗದ ಮೇಲೆ ಬೀಗ ಹಾಕಿದರೆ ಪಿಸ್ತೂಲು ಸುರಕ್ಷಿತ, ಆದರೆ ಗಾಬರಿಯಲ್ಲಿ ನಡುಗುವ ಕೈಗೆ ಅದು ತೆರೆಯುವುದಿಲ್ಲ. ಬೀಗ ತೆಗೆದರೆ ಕೆಲಸ ಸಲೀಸು, ಆದರೆ ಕೈ ಜಾರಿ ಬಿದ್ದರೆ ಪಕ್ಕದಲ್ಲಿ ನಿಂತವರ ಪ್ರಾಣಕ್ಕೆ ಅಪಾಯ. ಸೈನ್ಯ ಮತ್ತು ಪೊಲೀಸರ ಪಿಸ್ತೂಲು ನೂರಕ್ಕೂ ಹೆಚ್ಚು ವರ್ಷಗಳಿಂದ ಬೆಳೆದುಬಂದ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಇದೇ ಜಗ್ಗಾಟ. ಎಷ್ಟು ದೂರ ಹೊಡೆಯುತ್ತದೆ, ಎಷ್ಟು ಜೋರಾಗಿ ಹೊಡೆಯುತ್ತದೆ ಎಂಬುದೆಲ್ಲ ಆಮೇಲಿನ ಮಾತು.

ಮೊದಲು ಒಂದು ತೋಟಾವನ್ನು ಹತ್ತಿರದಿಂದ ನೋಡೋಣ. ಹಿತ್ತಾಳೆಯ ಪುಟ್ಟ ಕೊಳವೆ. ಬಾಯಲ್ಲಿ ಗುಂಡು, ಹೊಟ್ಟೆಯಲ್ಲಿ ಮದ್ದು, ತಳದ ನಡುವೆ ಬೇಳೆಕಾಳಿನಷ್ಟು ಕೇಪು. ಇವತ್ತು ಜಗತ್ತಿನ ಬಹುಪಾಲು ಸೈನ್ಯಗಳು ಬಳಸುವ 9 ಎಂಎಂ ತೋಟಾವನ್ನು 20ನೇ ಶತಮಾನದ ಆರಂಭದಲ್ಲೇ ಜರ್ಮನಿಯಲ್ಲಿ ಗೇಯಾರ್ಗ್ ಲೂಗರ್ ರೂಪಿಸಿದರು. ಗುಂಡಿನ ತೂಕ ಸುಮಾರು 8 ಗ್ರಾಂ. ಪಿಸ್ತೂಲಿನ ಪಿನ್ ಹೋಗಿ ಕೇಪಿಗೆ ಬಡಿದರೆ ಕಿಡಿ ಏಳುತ್ತದೆ, ಮದ್ದು ಉರಿದು ಅನಿಲವಾಗುತ್ತದೆ. ಆ ಅನಿಲದ ಒತ್ತಡ ಕಾರಿನ ಟೈರಿನೊಳಗಿನ ಒತ್ತಡಕ್ಕಿಂತ ಸುಮಾರು ಸಾವಿರ ಪಟ್ಟು ಜಾಸ್ತಿ. ಗುಂಡು ಸೆಕೆಂಡಿಗೆ ಹತ್ತಿರಹತ್ತಿರ 350 ಮೀಟರ್ ವೇಗದಲ್ಲಿ ಹೊರಗೆ ಹಾರುತ್ತದೆ. ಗುಂಡು ನಳಿಗೆ ದಾಟಲು ಸೆಕೆಂಡಿನ ಸಾವಿರದ ಒಂದು ಪಾಲೂ ಬೇಕಾಗುವುದಿಲ್ಲ.

ಅನಿಲ ಗುಂಡನ್ನು ಮುಂದಕ್ಕೆ ಎಷ್ಟು ಜೋರಾಗಿ ತಳ್ಳುತ್ತದೋ, ತೋಟಾದ ತಳವನ್ನು ಅಷ್ಟೇ ಜೋರಾಗಿ ಹಿಂದಕ್ಕೂ ತಳ್ಳುತ್ತದೆ. ರಿವಾಲ್ವರ್‌ನಲ್ಲಿ ಈ ಹಿಂದಿನ ತಳ್ಳು ಕೈಗೆ ಒದೆತವಾಗಿ ಬಂದು ಮುಗಿಯುತ್ತದೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲು ಅದನ್ನೇ ದುಡಿಸಿಕೊಳ್ಳುತ್ತದೆ. ಆ ತಳ್ಳಿಗೆ ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ತುಂಡು, ಅಂದರೆ ಸ್ಲೈಡ್, ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ಖಾಲಿ ತೋಟಾವನ್ನು ಕೊಕ್ಕೆಯಿಂದ ಹಿಡಿದೆಳೆದು ಆಚೆ ಎಸೆಯುತ್ತದೆ. ಸ್ಪ್ರಿಂಗನ್ನು ಅದುಮುತ್ತದೆ. ಆ ಸ್ಪ್ರಿಂಗ್ ಸ್ಲೈಡನ್ನು ಮತ್ತೆ ಮುಂದಕ್ಕೆ ನೂಕುವಾಗ ಹಿಡಿಯೊಳಗಿನ ಮ್ಯಾಗಜೀನ್‌ನಿಂದ ಹೊಸ ತೋಟಾ ಜಾರಿ ನಳಿಗೆಗೆ ಸೇರುತ್ತದೆ. ಇಷ್ಟೂ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ಬೆರಳು ಟ್ರಿಗರ್ ಮೇಲೆ ಇನ್ನೂ ಒತ್ತಿಕೊಂಡೇ ಇದ್ದರೂ ಎರಡನೇ ಗುಂಡು ಯಾಕೆ ಹಾರುವುದಿಲ್ಲ? ಸ್ಲೈಡ್ ಹಿಂದಕ್ಕೆ ಹೋಗುವಾಗ ಟ್ರಿಗರಿಗೂ ಹೊಡೆಯುವ ಭಾಗಕ್ಕೂ ಇರುವ ಕೊಂಡಿಯನ್ನು ಕಳಚಿಬಿಡುತ್ತದೆ. ಬೆರಳು ಸಡಿಲಿಸಿ ಮತ್ತೆ ಒತ್ತಿದರೆ ಮಾತ್ರ ಕೊಂಡಿ ಕೂಡಿಕೊಳ್ಳುತ್ತದೆ. ಒಂದು ಒತ್ತಿಗೆ ಒಂದೇ ಈಡು. ಸೆಮಿ ಅನ್ನುವುದು ಇದಕ್ಕೇ.

ಈಗ ಒಂದು ಕಷ್ಟ. ಗುಂಡು ಇನ್ನೂ ನಳಿಗೆಯೊಳಗೆ ಇರುವಾಗಲೇ ಸ್ಲೈಡ್ ಹಿಂದಕ್ಕೆ ಹೋದರೆ ಏನಾಗುತ್ತದೆ? ಆವಿ ಇಳಿಯುವ ಮುಂಚೆ ಕುಕ್ಕರ್ ಮುಚ್ಚಳ ತೆಗೆದ ಹಾಗೆ. ತೆಳು ಹಿತ್ತಾಳೆ ಹರಿದು ಬಿಸಿ ಅನಿಲ ಮುಖದ ಕಡೆಗೇ ನುಗ್ಗುತ್ತದೆ. ದುರ್ಬಲ ತೋಟಾ ಆದರೆ ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಿಗುವೇ ಅದನ್ನು ಅಷ್ಟು ಹೊತ್ತು ತಡೆಹಿಡಿಯುತ್ತವೆ. 1929ರ ವಾಲ್ಥರ್ ಪಿಪಿ, 1951ರಲ್ಲಿ ಸೋವಿಯತ್ ಸೇನೆಗೆ ಬಂದ ಮಕಾರೊವ್ ಎರಡೂ ಹಾಗೇ ಕೆಲಸ ಮಾಡುತ್ತವೆ. ಬಲವಾದ ತೋಟಾಕ್ಕೆ ಇದೇ ಉಪಾಯ ಮಾಡಹೋದರೆ ಸ್ಲೈಡ್ ತೀರಾ ಭಾರವಾಗುತ್ತದೆ. ಅದಕ್ಕೊಂದು ಚಿಲಕ ಬೇಕು. ಒತ್ತಡ ಇಳಿಯುವವರೆಗೆ ಹಾಕಿಕೊಂಡಿದ್ದು, ಇಳಿದ ಕೂಡಲೇ ತಾನಾಗಿ ಕಳಚಿಕೊಳ್ಳುವ ಚಿಲಕ.

ಈ ಚಿಲಕ ಕೊಟ್ಟವರು ಜಾನ್ ಮೋಸೆಸ್ ಬ್ರೌನಿಂಗ್. ಅಮೆರಿಕದ ಯೂಟಾದ ಆಗ್ಡನ್ ಊರಿನವರು, ಬಂದೂಕು ರಿಪೇರಿ ಮಾಡುತ್ತಿದ್ದವರ ಮಗ. ಅವರ ಉಪಾಯ ಎಷ್ಟು ಸರಳ ನೋಡಿ. ನಳಿಗೆಯ ಬೆನ್ನ ಮೇಲೆ ಏಣುಗಳು. ಸ್ಲೈಡಿನ ಒಳಮೈಯಲ್ಲಿ ಅವು ಕೂರುವ ತೋಡುಗಳು. ಗುಂಡು ಹಾರಿದಾಗ ಎರಡೂ ಕಚ್ಚಿಕೊಂಡೇ ಕೆಲವು ಮಿಲಿಮೀಟರ್ ಹಿಂದಕ್ಕೆ ಬರುತ್ತವೆ. ಅಷ್ಟರಲ್ಲಿ ಗುಂಡು ಆಚೆ ಹೋಗಿ ಒತ್ತಡ ಇಳಿದಿರುತ್ತದೆ. ಆಗ ನಳಿಗೆಯ ಹಿಂಬದಿಯನ್ನು ಕೆಳಗಿನ ಕೊಂಡಿ ತಗ್ಗಿಸುತ್ತದೆ. ಏಣುಗಳು ತೋಡಿನಿಂದ ಜಾರುತ್ತವೆ. ನಳಿಗೆ ಅಲ್ಲೇ ನಿಲ್ಲುತ್ತದೆ, ಸ್ಲೈಡ್ ಒಂದೇ ಹಿಂದಕ್ಕೆ ಹೋಗುತ್ತದೆ. ಇವತ್ತಿನ ಹೆಚ್ಚಿನ ಸರ್ವಿಸ್ ಪಿಸ್ತೂಲುಗಳ ಹೊಟ್ಟೆಯಲ್ಲಿ ಇರುವುದು ಇದೇ ತಲೆಬಾಗುವ ನಳಿಗೆ. ಬದಲಾಗಿದ್ದು ವಿವರಗಳು ಮಾತ್ರ. ಕೊಂಡಿಯ ಜಾಗಕ್ಕೆ ಓರೆ ಕೊರೆದ ಉಕ್ಕಿನ ಗಟ್ಟಿ ಬಂತು. ಏಣುಗಳ ಬದಲು, 1975ರ ಸಿಗ್ ಪಿ220ರಲ್ಲಿ ಇರುವಂತೆ, ನಳಿಗೆಯ ಹಿಂಬದಿಯ ಚೌಕವೇ ಸ್ಲೈಡಿನ ಕಿಟಕಿಗೆ ಕಚ್ಚಿಕೊಳ್ಳತೊಡಗಿತು. ಖಾಲಿ ತೋಟಾ ಹೊರಬರಲು ಹೇಗೂ ಇದ್ದ ಕಿಟಕಿಯನ್ನೇ ಚಿಲಕದ ಜಾಗವಾಗಿ ಬಳಸಿಕೊಂಡರು. ನನಗೆ ಬಹಳ ಇಷ್ಟವಾದ ಜಾಣತನ ಇದು. ಕೆಲಸವೂ ಸುಲಭ, ಖರ್ಚೂ ಕಡಿಮೆ.

ಬ್ರೌನಿಂಗ್ ಪಿಸ್ತೂಲನ್ನು ಅಮೆರಿಕದ ಸೇನೆ 1911ರ ಮಾರ್ಚ್‌ನಲ್ಲಿ ಪರೀಕ್ಷೆಗೆ ಒಡ್ಡಿತು. 6,000 ಗುಂಡು ಹಾರಿಸಿದರು. ಕೈ ಸುಡುವಷ್ಟು ಬಿಸಿಯಾದಾಗ ನೀರಿಗೆ ಅದ್ದಿ ತಣಿಸಿ ಮತ್ತೆ ಹಾರಿಸಿದರು. ಒಮ್ಮೆಯೂ ಸಿಕ್ಕಿಹಾಕಿಕೊಳ್ಳಲಿಲ್ಲ. ಅದೇ ತಿಂಗಳು ಸೇನೆಗೆ ಸೇರಿದ ಆ ಎಂ1911, 1985ರಲ್ಲಿ ಇಟಲಿಯ ಬೆರೆಟ್ಟಾಗೆ ಜಾಗ ಬಿಟ್ಟುಕೊಡುವವರೆಗೆ ಅಲ್ಲಿನ ಮುಖ್ಯ ಪಿಸ್ತೂಲಾಗಿತ್ತು.

ನಮ್ಮ ದೇಶಕ್ಕೂ ಬ್ರೌನಿಂಗ್ ಅವರ ನಂಟು ಇದೆ. ಅವರು ಕೊನೆಗಾಲದಲ್ಲಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗಾಗಿ ಹೊಸ ಪಿಸ್ತೂಲೊಂದರ ಮೇಲೆ ಕೆಲಸ ಮಾಡುತ್ತಿದ್ದರು. 1926ರಲ್ಲಿ ಅಲ್ಲೇ, ಲಿಯೇಜ್‌ನಲ್ಲಿ ತೀರಿಕೊಂಡರು. ಅರ್ಧಕ್ಕೆ ನಿಂತದ್ದನ್ನು ಅದೇ ಕಾರ್ಖಾನೆಯ ದ್ಯೂದೊನೆ ಸೇವ್ ಮುಗಿಸಿದರು. ಅದೇ 1935ರ ಹೈ ಪವರ್. ಎಂ1911ರ ಮ್ಯಾಗಜೀನ್‌ನಲ್ಲಿ 7 ತೋಟಾ ಹಿಡಿದರೆ ಇದರಲ್ಲಿ 13. ತೋಟಾಗಳನ್ನು ಒಂದರ ಮೇಲೊಂದು ನೇರವಾಗಿ ಪೇರಿಸದೆ ಎರಡು ಸಾಲಾಗಿ ಓರೆಯಾಗಿ ಕೂರಿಸಿದರು. ಟೋಲ್ ಹತ್ತಿರ ಎರಡು ಸಾಲು ಗಾಡಿಗಳು ಕೂಡಿ ಒಂದೇ ಬೂತಿಗೆ ನುಗ್ಗುತ್ತವಲ್ಲ, ಹಾಗೆ ಮೇಲೆ ಬರುವಾಗ ಎರಡು ಸಾಲೂ ಒಂದಾಗಬೇಕು. ಈ ಕಿರಿದಾಗುವ ಜಾಗದ ತಗಡು ಕೂದಲೆಳೆಯಷ್ಟು ಬಾಗಿದರೂ ತೋಟಾ ಅಡ್ಡ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲು ಸಿಕ್ಕಿಹಾಕಿಕೊಂಡಿತು ಅಂದಾಗ ಅನುಭವಿಗಳು ಮೊದಲು ಮ್ಯಾಗಜೀನ್ ತಿರುಗಿಸಿ ನೋಡುವುದು ಇದಕ್ಕೇ.

ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ ಜರ್ಮನ್ನರ ಕೈಗೆ ಹೋಯಿತು. ಸೇವ್ ಬ್ರಿಟನ್ನಿಗೆ ತಪ್ಪಿಸಿಕೊಂಡರು. ಹೈ ಪವರ್ ಕೆನಡಾದ ಟೊರಾಂಟೊದ ಇಂಗ್ಲಿಸ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಆ ಕೆನಡಾ ಮಾದರಿಯನ್ನೇ ಇಟ್ಟುಕೊಂಡು ಬಂಗಾಳದ ಇಶಾಪುರ್ ರೈಫಲ್ ಕಾರ್ಖಾನೆ ನಮ್ಮ ಸೇನೆಗಾಗಿ ಪಿಸ್ತೂಲ್ ಆಟೊ 9 ಎಂಎಂ 1ಎ ತಯಾರಿಸಿತು. ನಮ್ಮ ಸೇನಾಧಿಕಾರಿಗಳ ಸೊಂಟದಲ್ಲಿ ದಶಕಗಳಿಂದ ಇರುವ ಪಿಸ್ತೂಲು ಇದೇ.

ಇನ್ನು ಮೊದಲು ಹೇಳಿದ ಜಗ್ಗಾಟಕ್ಕೆ ಬರೋಣ.

ಎಂ1911 ಮತ್ತು ಹೈ ಪವರ್ ಎರಡರ ಬೆನ್ನಲ್ಲೂ ಒಂದು ಕುದುರೆ, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆಯಂಥ ತುಂಡು, ಇದೆ. ನಮ್ಮ ಮಲೆನಾಡಿನ ಕೋವಿಗೆ ಇರುವಂಥದ್ದೇ. ಮೊದಲ ಗುಂಡು ಹಾರಿಸಬೇಕಾದರೆ ಕುದುರೆ ಮೊದಲೇ ಹಿಂದಕ್ಕೆ ಎಳೆದಿರಬೇಕು. ಟ್ರಿಗರ್ ಮಾಡುವುದು ಎಳೆದ ಕುದುರೆಯನ್ನು ಬಿಡುವ ಒಂದೇ ಕೆಲಸ. ಹಾಗಾದರೆ ಸೊಂಟದಲ್ಲಿ ಇಡುವುದು ಹೇಗೆ? ಕುದುರೆ ಎಳೆದು, ಹೆಬ್ಬೆರಳಿನ ಪಕ್ಕದ ಸೇಫ್ಟಿ ಗುಂಡಿ ಹಾಕಿ ಇಡಬಹುದು. ಆಗ ಗುಂಡಿ ತೆಗೆಯುವುದನ್ನು ಗಾಬರಿಯಲ್ಲಿ ಮರೆಯಬಾರದು. ಇಲ್ಲವೇ ನಳಿಗೆ ಖಾಲಿ ಇಟ್ಟುಕೊಳ್ಳಬಹುದು. ಆಗ ಹೊರತೆಗೆದ ಮೇಲೆ ಎರಡೂ ಕೈಯಿಂದ ಸ್ಲೈಡ್ ಎಳೆಯಬೇಕು. ಒಂದು ಕೈಗೆ ಪೆಟ್ಟಾಗಿದ್ದರೆ? ಅಂದರೆ ಸುರಕ್ಷತೆಯ ಪೂರ್ತಿ ಭಾರ ಹಿಡಿದವನ ನೆನಪಿನ ಮೇಲೆ, ಅಭ್ಯಾಸದ ಮೇಲೆ ಬೀಳುತ್ತಿತ್ತು. ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಅಭ್ಯಾಸ ಸಿಗುವ ಸಾಮಾನ್ಯ ಸಿಪಾಯಿಯ ಮೇಲೆ ಇಷ್ಟು ಭಾರ ಹಾಕುವುದು ಸರಿಯಲ್ಲ.

ಜರ್ಮನಿಯ ವಾಲ್ಥರ್ ಕಂಪನಿ 1938ರ ಪಿ38ರಲ್ಲಿ ಬೇರೆ ದಾರಿ ಹಿಡಿಯಿತು. ಕುದುರೆ ಇಳಿದೇ ಇರಲಿ, ನಳಿಗೆಯಲ್ಲಿ ತೋಟಾ ಇರಲಿ. ಮೊದಲ ಸಲ ಟ್ರಿಗರ್ ಒತ್ತಿದಾಗ ಅದೇ ಕುದುರೆಯನ್ನು ಎತ್ತಿ ಬಿಡಲಿ. ಈ ಒತ್ತು ಉದ್ದ, ಭಾರ. ಬೆರಳು ಸುಮ್ಮನೆ ತಾಗಿದರೆ ಹಾರುವುದಿಲ್ಲ. ಎರಡನೇ ಗುಂಡಿನಿಂದ ಸ್ಲೈಡೇ ಕುದುರೆ ಎಳೆದಿಡುವುದರಿಂದ ಒತ್ತು ಹಗುರ. ಒಳ್ಳೆಯ ಯೋಚನೆಯೇ. ಮುಂದೆ ಬೆರೆಟ್ಟಾ 92, ಸಿಗ್ ಪಿ226, ಚೆಕೊಸ್ಲೊವಾಕಿಯಾದ ಸೀಜೆಡ್ 75 ಎಲ್ಲವೂ ಇದೇ ಹಾದಿಯಲ್ಲಿ ಬಂದವು. ಆದರೆ ಕಲಿಯುವವರಿಗೆ ತೊಡಕಾಯಿತು. ಮೊದಲ ಗುಂಡಿಗೆ ಒಂದು ಥರದ ಒತ್ತು, ಎರಡನೆಯದಕ್ಕೆ ಇನ್ನೊಂದು ಥರ. ಭಾರಕ್ಕೆ ಹೊಂದಿಕೊಂಡ ಬೆರಳು ಹಗುರ ಬಂದಾಗ ತಪ್ಪುತ್ತದೆ.

ಬೀಳಿಸಿದಾಗ ಸಿಡಿಯುವ ಅಪಾಯ ಇದಕ್ಕಿಂತ ಸೂಕ್ಷ್ಮ. ಬಸ್ಸಿನಲ್ಲಿ ನಿಂತಿರುತ್ತೀರಿ, ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾರೆ. ಬಸ್ ನಿಂತಿತು, ನೀವು ನಿಲ್ಲಲಿಲ್ಲ, ಮುಂದಿನ ಸೀಟಿಗೆ ಹೋಗಿ ಬಡಿದಿರಿ. ಪಿಸ್ತೂಲಿನ ಪಿನ್ನಿನ ಪಾಡೂ ಅದೇ. ಪಿಸ್ತೂಲು ಬಾಯಿ ಕೆಳಗಾಗಿ ಕಲ್ಲಿನ ಮೇಲೆ ಬಿದ್ದರೆ ಅದು ನಿಲ್ಲುತ್ತದೆ, ಒಳಗಿನ ಪಿನ್ ನಿಲ್ಲದೆ ಮುಂದಕ್ಕೆ ಹೋಗಿ ಕೇಪಿಗೆ ಬಡಿಯಬಹುದು. ಟ್ರಿಗರ್ ಯಾರೂ ಮುಟ್ಟಿಲ್ಲ, ಕುದುರೆ ಕದಲಿಲ್ಲ, ಆದರೂ ಗುಂಡು ಹಾರಬಹುದು. ಇದಕ್ಕೆ ಪರಿಹಾರ ಪಿನ್ನಿನ ದಾರಿಗೆ ಅಡ್ಡವಾಗಿ ಒಂದು ಪುಟ್ಟ ಉಕ್ಕಿನ ಗೂಟ. ಟ್ರಿಗರ್ ಪೂರ್ತಿ ಒತ್ತಿದಾಗ ಮಾತ್ರ ಅದು ದಾರಿ ಬಿಡಬೇಕು. ಕೋಲ್ಟ್ ಕಂಪನಿ ತನ್ನ 1911 ಮಾದರಿಯ ಪಿಸ್ತೂಲುಗಳಿಗೆ ಇಂಥ ಗೂಟ ಸೇರಿಸಿದ್ದು 1983ರ ಹೊತ್ತಿಗೆ.

ಆಸ್ಟ್ರಿಯಾದ ಸೇನೆ 1980ರಲ್ಲಿ ತನ್ನ ಹಳೇ ಪಿ38ಗಳನ್ನು ಬದಲಿಸಲು ಹೊರಟಿತು. ಅವರು ಕೊಟ್ಟ ಷರತ್ತುಗಳ ಪಟ್ಟಿ ಓದಿದರೆ, ಬರೆದವರು ಸಾಮಾನ್ಯ ಸಿಪಾಯಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಅನ್ನುವುದು ಗೊತ್ತಾಗುತ್ತದೆ. ಬಿಡಿಭಾಗಗಳು 58 ಮೀರಬಾರದು. ಸಲಕರಣೆ ಇಲ್ಲದೆ ಬಿಚ್ಚಿ ಒರೆಸುವಂತಿರಬೇಕು. 2 ಮೀಟರ್ ಎತ್ತರದಿಂದ ಉಕ್ಕಿನ ಹಲಗೆಯ ಮೇಲೆ ಬಿದ್ದರೂ ಸಿಡಿಯಬಾರದು. ಮೊದಲ 10,000 ಗುಂಡಿನಲ್ಲಿ 20ಕ್ಕಿಂತ ಹೆಚ್ಚು ಸಲ ಸಿಕ್ಕಿಹಾಕಿಕೊಳ್ಳಬಾರದು.

ವಿಯೆನ್ನಾ ಹತ್ತಿರದ ಡಾಯ್ಚ್-ವಾಗ್ರಾಮ್‌ನಲ್ಲಿ ಗಾಸ್ಟನ್ ಗ್ಲಾಕ್ ಎಂಬುವರ ಸಣ್ಣ ಕಾರ್ಖಾನೆ ಇತ್ತು. ಪರದೆ ಕಂಬಿ ಮಾಡುತ್ತಿದ್ದರು. ಸೇನೆಗೆ ಚಾಕು ಕೊಡುತ್ತಿದ್ದರು. ವಯಸ್ಸು ಆಗಲೇ 50 ದಾಟಿತ್ತು. ಪಿಸ್ತೂಲು ಅದುವರೆಗೆ ಮಾಡಿಯೇ ಇರಲಿಲ್ಲ. ಮಾರುಕಟ್ಟೆಯಲ್ಲಿದ್ದ ಪಿಸ್ತೂಲುಗಳನ್ನು ತಂದು ಬಿಚ್ಚಿ ಹರವಿದರು. ಬಲ್ಲವರನ್ನು ಕೂರಿಸಿಕೊಂಡು ಏನು ಬೇಕು, ಏನು ಬೇಡ ಎಂದು ಕೇಳಿದರು. ಮೊದಮೊದಲ ಮಾದರಿಗಳನ್ನು ಎಡಗೈಯಲ್ಲೇ ಹಾರಿಸುತ್ತಿದ್ದರಂತೆ. ಒಡೆದರೂ ನಕ್ಷೆ ಬರೆಯಲು ಬಲಗೈ ಉಳಿಯಲಿ ಅಂತ. 1981ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಅದು ಅವರ 17ನೆಯ ಆವಿಷ್ಕಾರ ಆಗಿದ್ದರಿಂದ ಗ್ಲಾಕ್ 17 ಎಂದು ಹೆಸರಾಯಿತು. ಮ್ಯಾಗಜೀನ್‌ನಲ್ಲೂ 17 ತೋಟಾ ಹಿಡಿಯುತ್ತವೆ. ಬೆರೆಟ್ಟಾ, ಸಿಗ್, ಎಫ್‌ಎನ್, ಹೆಕ್ಲರ್ ಆಂಡ್ ಕಾಖ್, ಆಸ್ಟ್ರಿಯಾದ್ದೇ ಆದ ಸ್ಟೈರ್, ಎಲ್ಲ ಹಳೇ ಹುಲಿಗಳ ಎದುರು 1982ರಲ್ಲಿ ಗೆದ್ದದ್ದು ಇದೇ. 58 ಭಾಗ ಮೀರಬಾರದು ಅಂದಿದ್ದ ಕಡೆ ಸುಮಾರು 34ರಲ್ಲೇ ಮುಗಿಸಿದ್ದರು.

ಅದರ ಒಳಗೆ ಇಳಿದು ನೋಡೋಣ. ಹೊರಗೆ ಕಾಣುವ ಕುದುರೆ ಇಲ್ಲ. ಹೆಬ್ಬೆರಳಿನ ಗುಂಡಿ ಇಲ್ಲ. ಸ್ಲೈಡಿನೊಳಗೆ ಸ್ಪ್ರಿಂಗ್ ಹಾಕಿದ ಪಿನ್ನು ಅರ್ಧ ಎಳೆದ ಬಿಲ್ಲಿನ ಹಾಗೆ ಕಾದಿರುತ್ತದೆ. ಟ್ರಿಗರ್ ನಡುವೆ ಒಂದು ಸಣ್ಣ ನಾಲಿಗೆ. ಬೆರಳು ಅದರ ಮೇಲೆ ನೇರವಾಗಿ ಕೂತರೆ ಮಾತ್ರ ಟ್ರಿಗರ್ ಹಿಂದಕ್ಕೆ ಬರುತ್ತದೆ, ಪಕ್ಕದಿಂದ ತಾಗಿದರೆ ಬರುವುದಿಲ್ಲ. ಟ್ರಿಗರ್ ಹಿಂದಕ್ಕೆ ಬರುತ್ತಾ ಮೂರು ಕೆಲಸ ಆಗುತ್ತವೆ. ಪಿನ್ನಿಗೆ ಅಡ್ಡ ಇದ್ದ ಗೂಟ ಮೇಲೇಳುತ್ತದೆ. ಅರ್ಧ ಎಳೆದಿದ್ದ ಬಿಲ್ಲು ಪೂರ್ತಿ ಎಳೆಯಲ್ಪಡುತ್ತದೆ. ಕಡೆಗೆ, ಟ್ರಿಗರಿಗೆ ಕೂಡಿಕೊಂಡ ಉಕ್ಕಿನ ಪಟ್ಟಿ ತಾನು ಕೂತ ಮೆಟ್ಟಿಲಿನಿಂದ ಕೆಳಗೆ ಜಾರಿ ಪಿನ್ನನ್ನು ಬಿಡುತ್ತದೆ. ಬೆರಳು ತೆಗೆದರೆ ಎಲ್ಲವೂ ತಮ್ಮ ಜಾಗಕ್ಕೆ ಹಿಂತಿರುಗುತ್ತವೆ, ಎಲ್ಲ ಬೀಗವೂ ಮತ್ತೆ ಬಿದ್ದಿರುತ್ತವೆ. ಮೊದಲ ಗುಂಡಿಗೂ ಹದಿನೇಳನೆಯದಕ್ಕೂ ಒತ್ತು ಒಂದೇ ಥರ, ಸುಮಾರು ಎರಡೂವರೆ ಕೆಜಿ.

ಮನುಷ್ಯನ ನೆನಪಿನಲ್ಲಿದ್ದ ಸುರಕ್ಷತೆ ಯಂತ್ರದೊಳಗೆ ಹೋಯಿತು. ಗ್ಲಾಕ್ ಅಂದ ಕೂಡಲೇ ಎಲ್ಲರೂ ಪ್ಲಾಸ್ಟಿಕ್ ವಿಷಯ ಮಾತಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದು ಇದು ಅನಿಸುತ್ತದೆ.

ಪ್ಲಾಸ್ಟಿಕ್ ಹೊಸದೂ ಅಲ್ಲ. ಜರ್ಮನಿಯ ಹೆಕ್ಲರ್ ಆಂಡ್ ಕಾಖ್ ಕಂಪನಿಯ ವಿಪಿ70 ಪಿಸ್ತೂಲಿಗೆ 1970ರಲ್ಲೇ ಪ್ಲಾಸ್ಟಿಕ್ ಹಿಡಿ ಇತ್ತು. ಆದರೆ ಅದರ ಟ್ರಿಗರ್ ತೀರಾ ಭಾರ, ಹೆಚ್ಚು ಓಡಲಿಲ್ಲ. ಗ್ಲಾಕ್ ಕೈಗೆ ಬಂದ ಮೇಲೆ ನೈಲಾನ್ ಜಾತಿಯ ಆ ಹಿಡಿ ಬೆವರಿಗೆ ತುಕ್ಕು ಹಿಡಿಯದ, ಚಳಿಯಲ್ಲಿ ಕೈ ಕೊರೆಯದ, ಅಚ್ಚಿನಲ್ಲಿ ಬೇಗ ತಯಾರಾಗುವ ವಸ್ತುವಾಯಿತು. ಖಾಲಿ ಎಂ1911ರ ತೂಕ ಸುಮಾರು 1.1 ಕೆಜಿ, ಖಾಲಿ ಗ್ಲಾಕ್ 17ರದು 650 ಗ್ರಾಂಗಿಂತ ಕಡಿಮೆ. ದಿನಕ್ಕೆ ಎಂಟು ಹತ್ತು ಗಂಟೆ ಹೊರುವವರಿಗೆ ಅದು ದೊಡ್ಡ ವ್ಯತ್ಯಾಸ. ಅಮೆರಿಕದಲ್ಲಿ ಇದು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಾಣುವುದಿಲ್ಲ ಎಂದು ಗುಲ್ಲೆದ್ದಿತ್ತು. ಅದು ಸುಳ್ಳು. ಸ್ಲೈಡ್, ನಳಿಗೆ, ಸ್ಪ್ರಿಂಗ್ ಎಲ್ಲ ಉಕ್ಕಿನವು. ತೂಕದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಲೋಹವೇ.

1986ರ ಏಪ್ರಿಲ್ 11ರಂದು ಮಿಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆಗಿನ ಗುಂಡಿನ ಕಾಳಗದಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು. ಹೆಚ್ಚಿನವರ ಕೈಯಲ್ಲಿ ಇದ್ದದ್ದು ರಿವಾಲ್ವರ್. ಗಾಯಗೊಂಡ ಕೈಯಲ್ಲಿ ಒಂದೊಂದೇ ತೋಟಾ ತುಂಬುವ ಕಷ್ಟ ಎಲ್ಲರ ಕಣ್ಣಿಗೆ ಬಿತ್ತು. ಆಮೇಲಿನ ವರ್ಷಗಳಲ್ಲಿ ಅಮೆರಿಕದ ಪೊಲೀಸರು ಸಾಲುಸಾಲಾಗಿ ಸೆಮಿ ಆಟೊಮ್ಯಾಟಿಕ್ ಕಡೆಗೆ ಬಂದರು. ಗ್ಲಾಕ್ ಮಾರುಕಟ್ಟೆ ಬೆಳೆದದ್ದು ಆ ಅಲೆಯ ಮೇಲೆ. ನಮ್ಮ ಎನ್‌ಎಸ್‌ಜಿ ಕಮಾಂಡೊಗಳ ಬಳಿಯೂ ಗ್ಲಾಕ್ 17 ಇದೆ.

ಜಗ್ಗಾಟ ಮಾತ್ರ ಮುಗಿಯಲಿಲ್ಲ. ಹೊರಗೆ ಗುಂಡಿ ಇಲ್ಲದ ಪಿಸ್ತೂಲಿನಲ್ಲಿ ಬೆರಳು ಎಲ್ಲಿರಬೇಕು ಅನ್ನುವುದೇ ಕೊನೆಯ ಬೀಗ. ಉದ್ವೇಗದಲ್ಲಿ ಬೆರಳು ಟ್ರಿಗರಿಗೆ ಹೋದರೆ ಯಂತ್ರಕ್ಕೆ ಅದು ತಪ್ಪೋ ಸರಿಯೋ ತಿಳಿಯುವುದಿಲ್ಲ. ನ್ಯೂಯಾರ್ಕ್ ಪೊಲೀಸರು 1993ರಲ್ಲಿ 9 ಎಂಎಂಗೆ ಬಂದಾಗ ಈ ಭಯಕ್ಕೆ ಟ್ರಿಗರಿನ ಸ್ಪ್ರಿಂಗನ್ನೇ ಬಿಗಿ ಮಾಡಿಸಿದರು. ಒತ್ತು ಐದು ಕೆಜಿ ದಾಟಿತು. ತಪ್ಪಿ ಹಾರುವುದು ಕಷ್ಟವಾಯಿತು, ಸರಿಯಾಗಿ ಗುರಿ ಹೊಡೆಯುವುದೂ ಕಷ್ಟವಾಯಿತು. ಐದು ಕೆಜಿ ಎಳೆಯುವಾಗ ಆರೇಳು ನೂರು ಗ್ರಾಂನ ಪಿಸ್ತೂಲು ಕೈಯಲ್ಲಿ ಅಲುಗಾಡದೆ ಇರುತ್ತದೆಯೇ? 2012ರ ಆಗಸ್ಟ್‌ನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಎದುರು ಇಬ್ಬರು ಪೊಲೀಸರು ಕೊಲೆಗಾರನೊಬ್ಬನ ಮೇಲೆ 16 ಗುಂಡು ಹಾರಿಸಿದರು. ದಾರಿಹೋಕರು 9 ಮಂದಿ ಗಾಯಗೊಂಡರು, ಪೊಲೀಸರ ಗುಂಡು ಮತ್ತು ಅದರ ಚೂರುಗಳಿಂದಲೇ. ಭಾರದ ಟ್ರಿಗರ್ ಒಂದೇ ಕಾರಣ ಎಂದು ಹೇಳಲಾಗದು. ಆದರೆ ಟ್ರಿಗರಿನ ಪ್ರಶ್ನೆ ಮತ್ತೆ ಎದ್ದಿತು. ಕೆಲವು ವರ್ಷಗಳ ಮೇಲೆ ಅಲ್ಲಿ ಹೊಸಬರಿಗೆ ಹಗುರ ಟ್ರಿಗರ್ ಕೊಡಲು ಶುರುಮಾಡಿದರು.

2017ರ ಜನವರಿಯಲ್ಲಿ ಅಮೆರಿಕದ ಸೇನೆ ಬೆರೆಟ್ಟಾ ಬಿಟ್ಟು ಸಿಗ್ ಪಿ320 ಆರಿಸಿಕೊಂಡಿತು. ಅದರಲ್ಲಿ ಟ್ರಿಗರ್ ಮತ್ತು ಅದರ ಕೊಂಡಿಗಳೆಲ್ಲ ಸೇರಿದ ಪುಟ್ಟ ಉಕ್ಕಿನ ಪೆಟ್ಟಿಗೆಯೇ ಅಸಲಿ ಪಿಸ್ತೂಲು, ನಂಬರು ಇರುವುದೂ ಅದರ ಮೇಲೇ. ಹಿಡಿ, ಸ್ಲೈಡ್, ನಳಿಗೆ ಎಲ್ಲವನ್ನೂ ಬದಲಿಸಿಕೊಳ್ಳಬಹುದು. ಸಣ್ಣ ಕೈಗೆ ಸಣ್ಣ ಹಿಡಿ, ದೊಡ್ಡ ಕೈಗೆ ದೊಡ್ಡದು. ಹೆಣ್ಣುಮಕ್ಕಳು ಹೆಚ್ಚಾಗಿ ಸೇರುತ್ತಿರುವ ಪಡೆಗಳಿಗೆ ಇದು ನಿಜವಾದ ಅನುಕೂಲ.

ಅದೇ ವರ್ಷ ಆಗಸ್ಟ್‌ನಲ್ಲಿ, ಜನರ ಕೈಗೆ ಮಾರಿದ ಪಿ320 ಹಿಂಬದಿ ಕೆಳಗಾಗಿ ಒಂದು ನಿರ್ದಿಷ್ಟ ಓರೆಯಲ್ಲಿ ಬಿದ್ದರೆ ಸಿಡಿಯುತ್ತದೆ ಅನ್ನುವುದು ಬೆಳಕಿಗೆ ಬಂತು. ಪಿನ್ನಿಗೆ ಅಡ್ಡ ಬೀಗ ಇತ್ತಲ್ಲ, ಮತ್ತೆ ಹೇಗೆ? ಈ ಸಲ ಮುಂದಕ್ಕೆ ಮುಗ್ಗರಿಸಿದ ಪ್ರಯಾಣಿಕ ಪಿನ್ ಅಲ್ಲ, ಟ್ರಿಗರ್. ಪಿಸ್ತೂಲು ನೆಲಕ್ಕೆ ಬಡಿದು ನಿಂತಾಗ ಟ್ರಿಗರ್ ತನ್ನ ತೂಕಕ್ಕೇ ಹಿಂದಕ್ಕೆ ಹೋಗುತ್ತಿತ್ತು. ಟ್ರಿಗರ್ ಹಿಂದಕ್ಕೆ ಹೋದರೆ ಬೀಗ ತೆರೆಯಬೇಕು ಅಂತಲೇ ಯಂತ್ರ ಮಾಡಿದ್ದು. ಬೆರಳು ಒತ್ತಿತೋ ನೆಲ ಒತ್ತಿತೋ ಅದಕ್ಕೆ ಗೊತ್ತಾಗಲಿಲ್ಲ. ಗ್ಲಾಕ್‌ನ ಟ್ರಿಗರ್ ನಡುವಿನ ಸಣ್ಣ ನಾಲಿಗೆ ಯಾಕೆ ಬೇಕು ಅನ್ನುವುದು ಇಲ್ಲಿ ಅರ್ಥವಾಗುತ್ತದೆ. ಪಿ320ರಲ್ಲಿ ಆ ನಾಲಿಗೆ ಇರಲಿಲ್ಲ.

ಕಂಪನಿ ಪಿಸ್ತೂಲುಗಳನ್ನು ವಾಪಸ್ ಕಳಿಸಿದವರಿಗೆ ಉಚಿತವಾಗಿ ಬದಲಿಸಿಕೊಟ್ಟಿತು. ಮಾಡಿದ ಮುಖ್ಯ ಬದಲಾವಣೆ ಟ್ರಿಗರನ್ನು ತೆಳುವಾಗಿಸಿ ಹಗುರ ಮಾಡಿದ್ದು. ಹಗುರವಾದರೆ ಬಿದ್ದಾಗ ತನ್ನ ತೂಕಕ್ಕೆ ಅಷ್ಟು ದೂರ ಹೋಗುವುದಿಲ್ಲ. ಟ್ರಿಗರ್ ಮುಟ್ಟದೆಯೇ ಸಿಡಿಯಿತು ಎಂಬ ದೂರುಗಳು, ಕೋರ್ಟು ಕೇಸುಗಳು ಆಮೇಲೂ ಬಂದಿವೆ. ಪಿಸ್ತೂಲು ಸುರಕ್ಷಿತ ಎಂದು ಕಂಪನಿ ಹೇಳುತ್ತಲೇ ಬಂದಿದೆ. ವಾದ ಇನ್ನೂ ಮುಗಿದಿಲ್ಲ.